ಒಂದನೇ ದ್ರೌಪದಿ

ಈ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳು ಆಗಾಗ ಗುಬ್ಬಿಯ ನಮ್ಮ ಮನೆಗೆ ಬಂದು ಕೂರುತ್ತಾರೆ. ಪದ್ಯ ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು, ಅಳುವಾಗ ಕಾಡಿಗೆ ಕೆನ್ನೆಗೆ ಇಳಿಯದಂತೆ ಏನು ಮಾಡಬೇಕು ಅಂತ ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ಆದರೆ ಯಾರೂ ಕೇಳದ ಒಂದು ವಿಷಯವಿದೆ, ಅದನ್ನು ಇಲ್ಲಿ ಮೊದಲೇ ಬರೆದುಬಿಡುತ್ತೇನೆ. ಸ್ಟೇಜಿನ ಮೇಲೆ ಗಂಟಲು ಕೈಕೊಟ್ಟರೂ ಹೇಗೋ ಸುಧಾರಿಸಬಹುದು, ಹೊಟ್ಟೆಕಿಚ್ಚು ಇಲ್ಲದಿದ್ದರೆ ಆಗುವುದಿಲ್ಲ. ಪಕ್ಕದವಳಿಗೆ ಬಿದ್ದ ಚಪ್ಪಾಳೆ ಕೇಳಿ ನಿದ್ದೆ ಕೆಡದವಳು ಮುಂದಿನ ನಾಟಕಕ್ಕೆ ಚೆನ್ನಾಗಿ ಹಾಡುವುದಾದರೂ ಯಾತಕ್ಕೆ? ನನಗಂತೂ ಅದು ಬೇಕಾದಷ್ಟು ಇತ್ತು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಕಡಿಮೆಯಾಗಿಲ್ಲ.

ನಮ್ಮ ಕೆಲಸ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಊರೂರಿನವರೇ ಸೇರಿ ಪೌರಾಣಿಕ ನಾಟಕ ಆಡುತ್ತಾರೆ. ತೆಂಗಿನ ತೋಟದವರು, ಸ್ಕೂಲ್ ಮೇಷ್ಟ್ರುಗಳು, ಬಸ್ ಡ್ರೈವರುಗಳು, ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡುವವರು ತಿಂಗಳುಗಟ್ಟಲೆ ತಾಲೀಮು ಮಾಡಿ ಒಂದು ದಿನದ ಮಟ್ಟಿಗೆ ಕೃಷ್ಣ, ಭೀಮ, ದುರ್ಯೋಧನ ಆಗುತ್ತಾರೆ. ಆದರೆ ಅವರ ಮನೆಯ ಹೆಣ್ಣುಮಕ್ಕಳು ಸ್ಟೇಜ್ ಹತ್ತುವುದಿಲ್ಲ. ಹಾಗಾಗಿ ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಗಳಿಗೆ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಾನು ಬ್ಯಾಗು ಹಿಡಿದು ಬಸ್ಸಿಳಿದರೆ ಯಾರಾದರೂ ಕೂಗುತ್ತಿದ್ದರು: "ಹೆಣ್ ಪಾರ್ಟ್ನೋರು ಬಂದ್ರು ಕಣ್ರೋ!" ನನಗೆ ಕಮಲ ಅಂತ ಒಂದು ಹೆಸರಿದೆ ಅನ್ನುವುದು ಅವರಿಗೆ ನಾಟಕ ಮುಗಿಯುವ ಹೊತ್ತಿಗೆ ಗೊತ್ತಾಗುತ್ತಿತ್ತು.

ಊರು ಒಂದಾಗುವುದನ್ನು ನಾನು ನೋಡಿದಷ್ಟು ಯಾವ ರಾಜಕಾರಣಿಯೂ ನೋಡಿರಲಾರ. ಹೊಲದ ಬದುವಿಗೆ ಹೊಡೆದಾಡಿದವರು ತಾಲೀಮಿನ ಚಪ್ಪರದಲ್ಲಿ ಧರ್ಮರಾಯ, ಅರ್ಜುನ ಆಗಿ ತಬ್ಬಿಕೊಳ್ಳುತ್ತಿದ್ದರು. ಒಮ್ಮೆ ಧರ್ಮರಾಯನ ಪಾತ್ರ ಮಾಡಿದವನನ್ನು ಊರು ಆಮೇಲೂ ಧರ್ಮರಾಯ ಅಂತಲೇ ಕರೆಯುತ್ತದೆ. ಅವನು ಹಾಲಿಗೆ ನೀರು ಬೆರೆಸಲೂ ಹಿಂದೆಮುಂದೆ ನೋಡುತ್ತಾನೆ. ಇದನ್ನೆಲ್ಲ ನೋಡಿ ನನಗೆ ಸಂತೋಷವಾಗುತ್ತಿತ್ತು ಅಂತ ಬರೆದರೆ ಚೆನ್ನಾಗಿರುತ್ತದೆ. ಆದರೆ ಆಗುತ್ತಿದ್ದದ್ದು ಅಸೂಯೆ. ಅವರು ಒಂದಾಗಿ ಊಟಕ್ಕೆ ಕೂತಾಗ ನನಗೆ ಗ್ರೀನ್ ರೂಮಿಗೆ ತಟ್ಟೆ ಬರುತ್ತಿತ್ತು. ನಾಟಕ ಮುಗಿದು ಅವರು ಅಣ್ಣಾ, ತಮ್ಮಾ, ಮಾವಾ ಅಂತ ಕೂಗಾಡಿಕೊಂಡು ಮನೆಗೆ ಹೋದರೆ ನಾನು ಬಸ್ಸು ಹಿಡಿಯುತ್ತಿದ್ದೆ.

ಊರಿನ ಹೆಂಗಸರಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು, ಅದನ್ನೂ ಹೇಳಬೇಕು. ಊರ್ಡಿಗೆರೆ ಕಡೆ ಒಬ್ಬ ಕೃಷ್ಣನಿದ್ದ, ಸೊಸೈಟಿಯಲ್ಲಿ ಗುಮಾಸ್ತ. ನಾನು ರುಕ್ಮಿಣಿ. ತಾಲೀಮು ಇರುವಷ್ಟು ದಿನವೂ ಅವನ ಹೆಂಡತಿ ಟಿಫನ್ ಕ್ಯಾರಿಯರ್ ಹಿಡಿದು ಬಂದು ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. "ನೀವ್ ಹಾಡ್ಕೊಳ್ಳಿ, ನಾನೇನೂ ಅನ್ನಲ್ಲ" ಅನ್ನುತ್ತಿದ್ದಳು. ಕೃಷ್ಣ ರುಕ್ಮಿಣಿಯ ಕೈ ಹಿಡಿಯಬೇಕಾದ ಜಾಗದಲ್ಲಿ ಅವನು ಹೆಂಡತಿಯ ಮುಖ ನೋಡುತ್ತಿದ್ದ. ಕೊನೆಗೆ ನಾನೇ ಅಂದೆ: "ನೋಡಮ್ಮ, ಮನೆಗೆ ಹೋದ್ಮೇಲೆ ಈ ಕೃಷ್ಣ ಬೆಳಗಾಗೋವರೆಗೂ ಗೊರಕೆ ಹೊಡೀತಾನಲ್ಲ, ಅದು ನಿಂಗೇ ಇರ್ಲಿ. ಈ ಒಂದು ಪದ್ಯ ನಂಗ್ ಬಿಟ್ಬಿಡು." ಅವಳು ನಕ್ಕು ಕುರ್ಚಿ ಸರಿಸಿದಳು. ನನಗೆ ಮಾತ್ರ ಆ ಗೊರಕೆಯ ಮೇಲೂ ಸ್ವಲ್ಪ ಕಣ್ಣಿತ್ತು.

ಇನ್ನೊಂದು ಕೋರದ ಹತ್ತಿರ ಆದದ್ದು. ಅಲ್ಲಿ ದುಶ್ಶಾಸನನ ಪಾತ್ರ ಒಬ್ಬ ಪ್ರೈವೇಟ್ ಬಸ್ಸಿನ ಡ್ರೈವರನದು. ಒಳ್ಳೆ ಮೀಸೆ, ಒಳ್ಳೆ ಗಂಟಲು. ಸೀರೆ ಎಳೆಯುವ ದೃಶ್ಯಕ್ಕೆ ನಾವು ಸೀರೆಗಳನ್ನು ಒಂದರ ತುದಿಗೆ ಒಂದು ಹೊಲಿದು ಮೈಗೆ ಸುತ್ತಿಕೊಂಡಿರುತ್ತೇವೆ. ದೃಶ್ಯಕ್ಕೆ ಮುಂಚೆ ಅವನು ಗ್ರೀನ್ ರೂಮಿಗೆ ಬಂದು ನನ್ನ ಕಾಲು ಮುಟ್ಟಿದ. "ಅಕ್ಕಾ, ತೆಪ್ಪು ತಿಳ್ಕಬ್ಯಾಡಿ. ಸೆರಗು ಬಿಟ್ರೆ ಬೇರೇನೂ ಮುಟ್ಟಲ್ಲ" ಅಂದ. ದುಶ್ಶಾಸನ ಮಾಡುವವರು ಹೀಗೆ ಮೊದಲೇ ಕ್ಷಮೆ ಕೇಳುವುದು ನಮ್ಮ ಕಡೆ ಪದ್ಧತಿ. ಸ್ಟೇಜಿನ ಮೇಲೆ ಅವನು ಸೆರಗಿಗೆ ಕೈ ಹಾಕಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಅವನ ತಾಯಿ ಎದ್ದು ನಿಂತು, "ಬುಡ್ಲಾ, ಬುಡ್ಲಾ ಆ ಹೆಣ್ಮಗೀನ!" ಅಂತ ಅರಚಿದಳು. ಅವನು ಬಿಟ್ಟ. ಬಿಟ್ಟವನು ನನ್ನ ಕಾಲಿಗೆ ಬಿದ್ದ! ಅತ್ತ ಕೃಷ್ಣ ಸೀರೆ ಕೊಡಲು ಸಿದ್ಧವಾಗಿ ಬಂದು ನಿಂತಿದ್ದಾನೆ, ಇತ್ತ ಎಳೆಯುವವನೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಏನು ಮಾಡಲೂ ತೋಚದೆ ಒಂದೇ ರಾಗ ಸುತ್ತಿಸಿ ಸುತ್ತಿಸಿ ಬಾರಿಸಿದರು. ಕೊನೆಗೆ ದುರ್ಯೋಧನನೇ ಸಿಂಹಾಸನದಿಂದ ಇಳಿದು ಬಂದು ನಾಲ್ಕು ಸುತ್ತು ಎಳೆದು ಕೆಲಸ ಮುಗಿಸಿದ. ಜನ ನಗಲಿಲ್ಲ, ಗಳಗಳ ಅತ್ತರು. ಆ ದಿನದ ಹಾರಗಳೆಲ್ಲ ಆ ಡ್ರೈವರನ ಕೊರಳಿಗೆ ಬಿದ್ದವು. ಎಳೆಯದೆ ಇದ್ದವನಿಗೆ ಹಾರ, ಎಳೆಸಿಕೊಳ್ಳಲು ಸೆಕೆಯಲ್ಲಿ ಅಷ್ಟು ಸೀರೆ ಸುತ್ತಿಕೊಂಡು ನಿಂತವಳಿಗೆ ಒಂದು ಹೂವಿನ ಎಸಳೂ ಇಲ್ಲ.

ಆ ಹಾರ್ಮೋನಿಯಂ ಮೇಷ್ಟ್ರು ನಂಜಪ್ಪನವರು. ನನಗೆ ಮೇಲಧಿಕಾರಿ ಅಂತ ಯಾರಾದರೂ ಇದ್ದರೆ ಅವರೇ. ಯಾವ ಊರಿನವರು ನಾಟಕ ಹಿಡಿದರೂ ಹೆಣ್ಣು ಪಾತ್ರಕ್ಕೆ ಯಾರು ಅಂತ ತೀರ್ಮಾನಿಸುವವರು ಅವರು. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಅರ್ಧ ಮಾತು ನುಂಗಿ ಅರ್ಧ ಮಾತು ಆಡುತ್ತಿದ್ದರು. ಹೊಗಳಿದರೋ ಬೈದರೋ ಅಂತ ತಿಳಿಯಲು ಮಾರನೇ ದಿನದವರೆಗೂ ಕಾಯಬೇಕಿತ್ತು. ಹಿಂದೆಲ್ಲ ರಾತ್ರಿ ಪೂರ್ತಿ ಆಡುತ್ತಿದ್ದ ನಾಟಕ ಈಗ ಬೆಳಗ್ಗೆ ತಿಂಡಿಯಾದ ಮೇಲೆ ಶುರುವಾಗುತ್ತದೆ. ಮೇಲಿಂದ ತೂಗುಹಾಕುತ್ತಿದ್ದ ಮೈಕು ಹೋಗಿ ಎದೆಗೆ ಸಿಕ್ಕಿಸುವ ಮೈಕು ಬಂತು, ಪಿಸುಮಾತಿನಲ್ಲಿ ಬೈದುಕೊಂಡದ್ದೂ ಊರಿಗೆಲ್ಲ ಕೇಳುವಂತಾಯಿತು. ಗೋಡೆಗೆ ಅಂಟಿಸುತ್ತಿದ್ದ ಕರಪತ್ರ ಹೋಗಿ ಫ್ಲೆಕ್ಸ್ ಬಂತು. ಫ್ಲೆಕ್ಸಿನಲ್ಲಿ ಊರಿನ ಗಂಡಸರ ಮುಖ ಕುಂಬಳಕಾಯಿಯಷ್ಟು, ನಮ್ಮದು ನಿಂಬೆಹಣ್ಣಿನಷ್ಟು.

ಬದಲಾದದ್ದರಲ್ಲೆಲ್ಲ ದೊಡ್ಡದು ಪಾತ್ರ ಒಡೆಯುವುದು. ಒಂದೂರಿನಲ್ಲಿ ಮೂವರಿಗೆ ಕೃಷ್ಣನಾಗುವ ಆಸೆ ಇದ್ದರೆ ಮೂವರನ್ನೂ ಹಾಕುತ್ತಾರೆ. ಒಂದು ದೃಶ್ಯಕ್ಕೆ ಒಂದನೇ ಕೃಷ್ಣ, ಇನ್ನೊಂದಕ್ಕೆ ಎರಡನೇ ಕೃಷ್ಣ. ಪರದೆ ಬಿದ್ದು ಎದ್ದರೆ ಕೃಷ್ಣ ಒಂದಡಿ ಉದ್ದ ಬೆಳೆದಿರುತ್ತಾನೆ, ಬಣ್ಣವೂ ಬೇರೆ. ಜನಕ್ಕೆ ಇದು ಅಭ್ಯಾಸವಾಗಿದೆ. ಕಿರೀಟ, ಕೊಳಲು ಇದ್ದರೆ ಸಾಕು, ಒಳಗೆ ಯಾರಿದ್ದರೂ ಕೈ ಮುಗಿಯುತ್ತಾರೆ. ಹೆಣ್ಣು ಪಾತ್ರವನ್ನು ಮಾತ್ರ ಯಾರೂ ಒಡೆದಿರಲಿಲ್ಲ. ಅದು ಶುರುವಾದದ್ದು ನನ್ನಿಂದಲೇ.

ಅಮೃತೂರಿನ ಕಡೆ ಒಂದು ಹಳ್ಳಿ. ಹೆಸರು ಬೇಡ, ಈಗ ಅವರು ಚೆನ್ನಾಗಿದ್ದಾರೆ. ಆಗ ಹಾಲಿನ ಡೈರಿಯ ಚುನಾವಣೆಯಿಂದಾಗಿ ಊರು ಎರಡು ಹೋಳಾಗಿತ್ತು, ಮೇಲಿನ ಬೀದಿ ಒಂದು, ಕೆಳಗಿನ ಬೀದಿ ಒಂದು. ಮೇಲಿನ ಬೀದಿಯವರು ಕೆಳಗಿನ ಬೀದಿಯ ಮದುವೆಗೆ ಹೋಗುತ್ತಿರಲಿಲ್ಲ. ಒಂದೇ ಬಸ್‌ಸ್ಟಾಪಿನಲ್ಲಿ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತಿದ್ದರಂತೆ. ಆದರೂ ತಾತನ ಕಾಲದಿಂದ ಆಡಿಕೊಂಡು ಬಂದ ಮಹಾಭಾರತದ ನಾಟಕ ನಿಲ್ಲಿಸುವ ಧೈರ್ಯ ಎರಡೂ ಬೀದಿಗೆ ಇರಲಿಲ್ಲ. ಅವರಿಗೆ ಕೃಷ್ಣ ಬೇಡ, ಅರ್ಜುನ ಬೇಡ, ಭೀಮನೇ ದೇವರು. ಆ ಊರಿನಲ್ಲಿ ಭೀಮನ ಪಾತ್ರ ಮಾಡಿದವನೆಂದರೆ ಊರಿಗೆ ಯಜಮಾನನಿದ್ದ ಹಾಗೆ. ಆದ್ದರಿಂದ ಭೀಮ ನಮಗೆ ಬೇಕು ಅಂತ ಎರಡೂ ಕಡೆಯವರು ಹಟ ಹಿಡಿದರು.

ಮೇಷ್ಟ್ರು ಭೀಮನನ್ನು ಒಡೆದರು. ದ್ರೌಪದಿಯ ಮುಡಿ ಹಿಡಿದು ಎಳೆದು ತಂದ ಸಭೆಯಲ್ಲಿ, ಆ ದುಶ್ಶಾಸನನ ರಕ್ತ ಹಚ್ಚಿ ಈ ಮುಡಿ ನಾನೇ ಕಟ್ಟುತ್ತೇನೆ ಅಂತ ಪ್ರತಿಜ್ಞೆ ಮಾಡುವ ಭೀಮ ಮೇಲಿನ ಬೀದಿಯ ಶಿವಣ್ಣ. ಕೊನೆಯಲ್ಲಿ ಆ ಮುಡಿಯನ್ನು ಕಟ್ಟುವ ಭೀಮ ಕೆಳಗಿನ ಬೀದಿಯ ರಾಜಣ್ಣ. ಐದು ಗಂಡಂದಿರು ಸಾಲದು ಅಂತ ಈಗ ಆರನೆಯವನೊಬ್ಬ ಅಂತ ನಾನು ತಮಾಷೆ ಮಾಡಿದೆ. ನನ್ನ ತಮಾಷೆ ಅಲ್ಲಿಗೇ ಮುಗಿಯಿತು. ಮುಂದಿನ ತಾಲೀಮಿಗೆ ಹೋದರೆ ಅಲ್ಲಿ ತುಮಕೂರಿನ ಮಂಜುಳ ಕೂತಿದ್ದಾಳೆ. "ನಿಮ್ ಭೀಮಂಗೆ ನಿಮ್ ದ್ರೌಪದಿ ಇದ್ಮೇಲೆ ನಮ್ ಭೀಮಂಗೆ ನಮ್ ದ್ರೌಪದಿ ಬ್ಯಾಡ್ವಾ?" ಅಂತ ನನ್ನನ್ನು ಮೇಲಿನ ಬೀದಿಯ ಲೆಕ್ಕಕ್ಕೆ ಸೇರಿಸಿ ಕೆಳಗಿನ ಬೀದಿಯವರು ಅವಳನ್ನು ಕರೆಸಿದ್ದರು.

ಮಂಜುಳನ ಬಗ್ಗೆ ನ್ಯಾಯವಾಗಿ ಬರೆಯಲು ನನಗೆ ಬರುವುದಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ. ನನಗಿಂತ ಬಹಳ ಚಿಕ್ಕವಳು. ಗಂಟಲು ಪರವಾಗಿಲ್ಲ. ಕೂದಲು ಮಾತ್ರ ಮೊಣಕಾಲು ಮುಟ್ಟುತ್ತಿತ್ತು, ಸ್ವಂತದ್ದು. ನನ್ನ ಕೂದಲು ಇಷ್ಟು ವರ್ಷದ ಪಿನ್ನು, ಕಿರೀಟ, ಬಣ್ಣದಲ್ಲಿ ಉದುರಿ ಬಾಲದಂತಾಗಿತ್ತು. ನಾನು ಚೌರಿ ಇಟ್ಟು ಕಟ್ಟಿಕೊಂಡೇ ದ್ರೌಪದಿಯಾಗುತ್ತಿದ್ದೆ. ಅವಳು ತಲೆ ಬಾಚಿಕೊಳ್ಳುವಾಗ ನಾನು ಗ್ರೀನ್ ರೂಮಿನಿಂದ ಎದ್ದು ಹೊರಗೆ ಹೋಗುತ್ತಿದ್ದೆ. ನೋಡಲು ಆಗುತ್ತಿರಲಿಲ್ಲ.

ಮೇಷ್ಟ್ರ ಹತ್ತಿರ ಜಗಳಕ್ಕೇ ಹೋದೆ. "ಇದೇನ್ ಮೇಷ್ಟ್ರೇ? ಸಭೇಲಿ ಎಳೆಸ್ಕೊಳ್ಳೋಕೆ ನಾನು, ಮುಡಿ ಕಟ್ಟಿಸ್ಕೊಳ್ಳೋಕೆ ಅವ್ಳಾ?"

ಅವರು ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದರು. "ಊರೇ ಒಡ್ದೋಗೈತೆ ಕಮಲಮ್ಮ. ಪಾತ್ರ ಒಡೀದೆ ಹೆಂಗ್ ಆಡ್ಸಾದು? ನೀನು ಒಂದನೇ ದ್ರೌಪದಿ ತಾನೇ? ಹೆಸ್ರು ಮೊದ್ಲು ಬತ್ತದೆ, ಸುಮ್ಕಿರು."

"ಹೆಸ್ರು ಮೊದ್ಲು ಬಂದ್ರೇನು, ಕೊನೇಲಿ ಸ್ಟೇಜ್ ಮೇಲೆ ಇರೋಳು ಅವ್ಳು."

"ನಿಂಗೂ ವಯಸ್ಸಾಯ್ತು ಕಣವ್ವ. ಮುಂದ್ಲೊರ್ಸದಿಂದ ಕುಂತಿ ಮಾಡೋವಂತೆ."

ದ್ರೌಪದಿಯ ಪಾತ್ರ ನನ್ನ ಪಾಲಿಗೆ ಇದೇ ಕೊನೆ ಅಂತ ಆಗಲೇ ಗೊತ್ತಾದದ್ದು. ಕೊನೆಯ ಸಲ, ಅದೂ ಅರ್ಧ. ಆ ಅರ್ಧದಲ್ಲೂ ಅವಮಾನದ ಭಾಗ ನನ್ನದು, ಗೆಲುವಿನ ಭಾಗ ಅವಳದು. ಕುಂತಿ ಕೆಟ್ಟ ಪಾತ್ರವೆಂದಲ್ಲ. ಆದರೆ ಕುಂತಿಗೆ ಯಾರೂ ಏನನ್ನೂ ಕಟ್ಟುವುದಿಲ್ಲ.

ಸ್ಟೇಜ್ ಎಲ್ಲಿ ಹಾಕಬೇಕು ಅನ್ನುವುದಕ್ಕೂ ಜಗಳವಾಯಿತು. ಯಾವ ಬೀದಿಯಲ್ಲಿ ಹಾಕಿದರೂ ಇನ್ನೊಂದು ಬೀದಿ ಬರುವುದಿಲ್ಲ. ಕೊನೆಗೆ ತುಮಕೂರಿನ ರಂಗಮಂದಿರವನ್ನೇ ಗೊತ್ತು ಮಾಡಿದರು. ಎರಡು ಬಸ್ಸು ಮಾಡಿಕೊಂಡು ಎರಡು ಬೀದಿಯವರು ಬಂದರು. ಒಳಗೆ ಬಂದು ಎಡಗಡೆ ಕುರ್ಚಿಗಳಲ್ಲಿ ಮೇಲಿನ ಬೀದಿ, ಬಲಗಡೆ ಕುರ್ಚಿಗಳಲ್ಲಿ ಕೆಳಗಿನ ಬೀದಿ. ನಡುವಿನ ದಾರಿಯಲ್ಲಿ ಕಡಲೆಕಾಯಿ ಮಾರುವವನೊಬ್ಬ ಬಿಟ್ಟರೆ ಒಂದು ನರಪಿಳ್ಳೆಯೂ ಅತ್ತಿಂದಿತ್ತ ಓಡಾಡಲಿಲ್ಲ. ಶಿವಣ್ಣ ಬಂದಾಗ ಎಡಗಡೆಯವರು ಮಾತ್ರ ಚಪ್ಪಾಳೆ ತಟ್ಟಿದರು, ಬಲಗಡೆಯವರು ಸೀಲಿಂಗ್ ನೋಡುತ್ತಿದ್ದರು. ನಾನು ಮೇಲಿನ ಬೀದಿಯ ದ್ರೌಪದಿ ಅಂತ ನನಗೂ ಬಲಗಡೆಯಿಂದ ಏನೂ ಬರಲಿಲ್ಲ.

ಸಭೆಯ ದೃಶ್ಯ ಬಂತು. ನಾನು ಒಂದೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಇವತ್ತು ಎಂಥ ದ್ರೌಪದಿ ಮಾಡಬೇಕೆಂದರೆ, ಆಮೇಲೆ ಬರುವವಳು ಯಾರಾದರೂ ಸರಿ, ಅವಳು ಸಪ್ಪೆಯಾಗಿ ಕಾಣಬೇಕು. ದ್ರೌಪದಿ ಸಭೆಯಲ್ಲಿರುವ ಭೀಷ್ಮ, ದ್ರೋಣರನ್ನು ನೋಡಿ ನ್ಯಾಯ ಕೇಳುವುದು ವಾಡಿಕೆ. ನಾನು ಅವರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದೆ. ಬಿಚ್ಚಿದ ಕೂದಲು ಮುಖದ ಮೇಲೆ ಬಿದ್ದಿತ್ತು. ಎಡಗಡೆ ನೋಡಿ, "ಇಲ್ಲಿ ನನ್ನವರು ಯಾರೂ ಇಲ್ಲವೇ?" ಅಂತ ಕೇಳಿದೆ. ಆಮೇಲೆ ಬಲಗಡೆಗೆ ನಿಧಾನವಾಗಿ ನಡೆದುಹೋಗಿ, ಅಲ್ಲಿದ್ದ ಹೆಂಗಸರ ಮುಖಗಳನ್ನೇ ನೋಡುತ್ತಾ, "ಇಲ್ಲಿಯೂ ಇಲ್ಲವೇ?" ಅಂದೆ. ಆ ಮಾತು ತಾಲೀಮಿನಲ್ಲಿ ಇರಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ನನ್ನನ್ನೇ ನೋಡಿದರು. ಬಲಗಡೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಿವಣ್ಣ ಗದೆ ಎತ್ತಿ ಪ್ರತಿಜ್ಞೆ ಮಾಡಿದಾಗ ಅವರೂ ಚಪ್ಪಾಳೆ ತಟ್ಟಿದರು. ಮೇಲಿನ ಬೀದಿಯ ಭೀಮನಿಗೆ ತಟ್ಟುತ್ತಿದ್ದೇವೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು.

ನನ್ನ ಕೆಲಸ ಮುಗಿಯಿತು. ಬಣ್ಣ ತೊಳೆದು ಗುಬ್ಬಿ ಬಸ್ಸು ಹಿಡಿಯಬಹುದಿತ್ತು. ಹೋಗಲು ಮನಸ್ಸಾಗಲಿಲ್ಲ. ಕೂದಲು ಬಿಚ್ಚಿದಂತೆಯೇ ಇಟ್ಟುಕೊಂಡು ಸೈಡ್ ಪರದೆಯ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಅವಳು ಎಲ್ಲಿ ಎಡವುತ್ತಾಳೆ ಅಂತ ನೋಡಲು.

ಕೊನೆಯ ದೃಶ್ಯ. ದುಶ್ಶಾಸನ ಬಿದ್ದಿದ್ದಾನೆ. ರಾಜಣ್ಣ ಕೈಗೆಲ್ಲ ಕೆಂಪು ಬಣ್ಣ ಹಚ್ಚಿಕೊಂಡು ಗರ್ಜಿಸಿದ: "ಬಾ ಪಾಂಚಾಲೀ!" ಮಂಜುಳ ಬಂದಳು. ನಾನು ಹಳದಿ ಸೀರೆಯಲ್ಲಿದ್ದೆ, ಅವಳು ಹಸಿರು ಉಟ್ಟಿದ್ದಳು. ಕೂದಲನ್ನು ಎಣ್ಣೆ ಹಚ್ಚಿ ಬಾಚಿ ಹರಡಿಕೊಂಡಿದ್ದಳು, ಈಗ ತಾನೇ ಅಭ್ಯಂಜನ ಮಾಡಿದವಳ ಹಾಗೆ.

ಎಡಗಡೆ ಒಬ್ಬ ಹೆಂಗಸು ಎದ್ದಳು. ಶಿವಣ್ಣನ ಅತ್ತಿಗೆ ಅಂತ ಆಮೇಲೆ ಗೊತ್ತಾಯಿತು. "ಏಯ್, ಇವ್ಳ್ಯಾರು? ಮುಡಿ ಬಿಚ್ಚಿಸ್ಕೊಂಡು ಗೋಳಾಡ್ದೋಳು ಆ ವಮ್ಮ, ಕಟ್ಟಿಸ್ಕೊಳ್ಳಾಕೆ ಇವ್ಳು ಬಂದವ್ಳೆ!"

ಈಗ ಜಗಳ ಹತ್ತಿಕೊಂಡಿತು ಅಂತ ಎಲ್ಲರೂ ಬಲಗಡೆ ನೋಡಿದರು. ಅಲ್ಲಿಂದ ಎದ್ದವಳು ರಾಜಣ್ಣನ ಹೆಂಡತಿ. "ನೀನ್ ಹೇಳಾದು ಸರಿ ಕಣಕ್ಕಾ" ಅಂದಳು. "ಭೀಮ ಯಾರಾರ ಆಗ್ಲಿ. ಬಿಚ್ಚಿದ್ ಮುಡಿ ಯಾರ್ದೋ ಅವ್ರ್ದೇ ಕಟ್ಬೇಕು. ಆ ವಮ್ಮನ್ನ ಕರೀರಿ!"

ಚುನಾವಣೆಯಾದ ಮೇಲೆ ಆ ಎರಡು ಬೀದಿಗಳ ಹೆಂಗಸರ ನಡುವೆ ಆಡಿದ ಮೊದಲ ಮಾತು ಅದು. ಅದರಲ್ಲೂ "ಅಕ್ಕಾ" ಅಂತ. ಆಮೇಲೆ ಎರಡೂ ಕಡೆಯ ಹೆಂಗಸರು ಎದ್ದರು. "ಕರೀರಿ, ಆ ವಮ್ಮನ್ನ ಕರೀರಿ" ಅಂತ ರಂಗಮಂದಿರವೆಲ್ಲ ಗದ್ದಲ. ಮೇಷ್ಟ್ರು ನನ್ನ ಕಡೆ ತಿರುಗಿ ಹೋಗು ಅಂತ ಕಣ್ಣಿನಲ್ಲೇ ಹೇಳಿದರು. ನಾನು ಅವರ ಕಣ್ಣಿಗೆ ಕಾಯಲಿಲ್ಲ, ಆಗಲೇ ಸ್ಟೂಲಿನಿಂದ ಎದ್ದಿದ್ದೆ.

ನಾನು ಸ್ಟೇಜಿಗೆ ಬಂದ ಕೂಡಲೇ ಇನ್ನೊಂದು ಕಡೆಯಿಂದ ಶಿವಣ್ಣನೂ ಗದೆ ಹಿಡಿದು ಬಂದ. "ಒಂದನೇ ದ್ರೌಪದಿ ಬಂದ್ಮೇಲೆ ಒಂದನೇ ಭೀಮನೇ ಕಟ್ಬೇಕು. ಪ್ರತಿಜ್ಞೆ ಮಾಡಿದ್ದು ನಾನು" ಅಂದ. ಎದೆಯ ಮೈಕು ಆನ್ ಇತ್ತು, ಎಲ್ಲರಿಗೂ ಕೇಳಿಸಿತು.

"ರಕ್ತ ಹಚ್ಕೊಂಡಿರೋದು ನಾನು ಕಣ್ಲಾ" ಅಂತ ರಾಜಣ್ಣ ಕೆಂಪು ಕೈ ತೋರಿಸಿದ.

ಗಂಡಸರ ಸಾಲಿನಲ್ಲಿ ಕುರ್ಚಿಗಳು ಸರಿದವು. ನಾಲ್ಕಾರು ಜನ ತೋಳು ಮಡಿಸಿಕೊಂಡು ಸ್ಟೇಜಿನ ಹತ್ತಿರ ಬರತೊಡಗಿದರು. ಅಲ್ಲಿ ಒಂದು ಏಟು ಬಿದ್ದಿದ್ದರೆ ಆ ಊರು ಇನ್ನೊಂದು ತಲೆಮಾರು ಒಂದಾಗುತ್ತಿರಲಿಲ್ಲ. ನನಗೆ ಊರಿನ ಚಿಂತೆ ಇರಲಿಲ್ಲ, ನನ್ನ ಮುಡಿ ಕಟ್ಟದೆ ಪರದೆ ಬಿದ್ದೀತು ಅನ್ನುವುದೊಂದೇ ಭಯ. ನಡುವೆ ಮಂಡಿಯೂರಿ ಕೂತೆ. ಕೂದಲನ್ನು ಎರಡು ಭಾಗ ಮಾಡಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಿಡಿದೆ. "ಪ್ರತಿಜ್ಞೆ ಮಾಡಿದವನೂ ಭೀಮ, ಗೆದ್ದವನೂ ಭೀಮ. ಒಂದೇ ಕೈಯಲ್ಲಿ ಯಾರೂ ಗಂಟು ಹಾಕಲಾರರು. ಇಬ್ಬರೂ ಹಿಡಿಯಿರಿ!" ಅಂದೆ. ಈ ಮಾತು ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೆಂಗಸರು "ಹಿಡೀರಿ, ಹಿಡೀರಿ" ಅಂತ ಕೂಗಿದರು. ಗದೆಗಳನ್ನು ಕೆಳಗಿಟ್ಟು ಇಬ್ಬರೂ ನನ್ನ ಹಿಂದೆ ಕೂತರು. ಆಯುಷ್ಯದಲ್ಲಿ ಒಂದು ಜಡೆ ಹಾಕಿದ ಗಂಡಸರಲ್ಲ. ಒಬ್ಬ ಮೇಲೆ ಎಳೆದರೆ ಇನ್ನೊಬ್ಬ ಕೆಳಗೆ ಎಳೆಯುತ್ತಾನೆ. ಇಬ್ಬರ ಕಿರೀಟಗಳೂ ಢಿಕ್ಕಿ ಹೊಡೆದವು.

"ಈ ಕಡೆ ತಾರ್ಲಾ ಒಸಿ."

"ನೀನ್ ಸಡ್ಲ ಬುಡು ಮೊದ್ಲು, ಅಂಗ್ ಎಳೀಬ್ಯಾಡ."

"ಹಿಡ್ಕೊ, ಹಿಡ್ಕೊ, ಜಾರ್ತೈತೆ."

ಎಲ್ಲವೂ ಮೈಕಿನಲ್ಲಿ ಕೇಳುತ್ತಿತ್ತು. ಜಾರುತ್ತಿದ್ದದ್ದು ನನ್ನ ಚೌರಿ. ಕಿತ್ತು ಬಂದರೆ ನನ್ನ ಮಾನ ಆ ಸಭೆಯಲ್ಲಿ ಹೋಗದ್ದು ಈ ಸಭೆಯಲ್ಲಿ ಹೋಗುತ್ತದೆ ಅಂತ ಒಂದು ಕೈಯಿಂದ ನೆತ್ತಿ ಅದುಮಿಕೊಂಡೆ. ನೋವಿಗೆ ಕಣ್ಣಲ್ಲಿ ನೀರು ಬಂತು. ಜನ ಅದನ್ನೂ ಅಭಿನಯ ಅಂದುಕೊಂಡು ಅತ್ತರು. ಹೇಗೋ ಒಂದು ಗಂಟು ಬಿತ್ತು, ಹುಲ್ಲಿನ ಹೊರೆಗೆ ಹಾಕುವಂಥ ಗಂಟು. ರಂಗಮಂದಿರ ಎದ್ದು ನಿಂತಿತು. ಶಿವಣ್ಣ ತನ್ನ ಹಾರ ತೆಗೆದು ರಾಜಣ್ಣನಿಗೆ ಹಾಕಿದ, ರಾಜಣ್ಣ ತನ್ನದನ್ನು ಶಿವಣ್ಣನಿಗೆ ಹಾಕಿದ. ಸೈಡ್ ಪರದೆಯ ಹಿಂದೆ ಮಂಜುಳ ಆ ಉದ್ದ ಕೂದಲು ಹೊತ್ತು ನಿಂತಿದ್ದಳು, ಕಾಡಿಗೆ ಕೆನ್ನೆಗೆ ಇಳಿದಿತ್ತು. ನನಗೆ ಆ ಚಪ್ಪಾಳೆಗಿಂತ ಆ ಕಾಡಿಗೆ ಹೆಚ್ಚು ಸಂತೋಷ ಕೊಟ್ಟಿತು.

ಹೋಗುವಾಗ ಎರಡು ಬಸ್ಸಿನಲ್ಲಿ ಎರಡೂ ಬೀದಿಯವರು ಬೆರೆತು ಕೂತರಂತೆ. ಡೈರಿಯ ತಕರಾರೂ ಕೆಲವು ತಿಂಗಳಲ್ಲಿ ಬಗೆಹರಿಯಿತಂತೆ. ಈ ಸುದ್ದಿಗಳನ್ನು ಮೇಷ್ಟ್ರು ಹೇಳುವಾಗ ನಾನು ಬೀಗುತ್ತಿದ್ದೆ. ಒಂದೂರನ್ನು ಒಂದು ಮುಡಿಯಲ್ಲಿ ಕಟ್ಟಿದವಳು ನಾನು. ಇನ್ನು ನನ್ನ ದ್ರೌಪದಿಯನ್ನು ಕಿತ್ತುಕೊಳ್ಳುವವರು ಯಾರು ಅಂತ ಹೊಸ ಹಳದಿ ಸೀರೆಯನ್ನೂ ತಂದಿಟ್ಟುಕೊಂಡೆ.

ಮಾರನೇ ವರ್ಷ ರಾಜಣ್ಣ ಫೋನ್ ಮಾಡಿದ. "ಅಕ್ಕಾ, ಈ ಸಲ ಊರಾಗೇ ಆಡ್ತೀವಿ, ಸ್ಕೂಲ್ ಮೈದಾನ್ದಾಗೆ. ಎಲ್ಲಾ ಒಂದೇ. ಶಿವಣ್ಣ ಭೀಮನ್ನ ನಂಗೇ ಬಿಟ್ಕೊಟ್ಟವ್ನೆ, ಅವ್ನು ದುರ್ಯೋಧನ."

"ಬಹಳ ಸಂತೋಷ ಕಣಪ್ಪ. ತಾಲೀಮು ಯಾವಾಗಿಂದ?"

"ನಿಮ್ಗ್ ತಾಲೀಮಿನ ತೊಂದ್ರೆ ಯಾಕಕ್ಕಾ? ನಿಮ್ಗೆ ಸನ್ಮಾನ ಇಟ್ಕೊಂಡಿದೀವಿ."

ಊರು ಒಡೆದಿದ್ದಾಗ ಇಬ್ಬರು ದ್ರೌಪದಿಯರು ಬೇಕಿತ್ತು. ಊರು ಒಂದಾಯಿತು, ಒಬ್ಬಳೇ ಸಾಕಾಯಿತು. ಆ ಒಬ್ಬಳು ನಾನಲ್ಲ. ಫ್ಲೆಕ್ಸಿನ ಫೋಟೋ ವಾಟ್ಸಾಪಿಗೆ ಬಂತು. ಮೇಲ್ಗಡೆ ಒಂದು ದುಂಡಗಿನ ಚೌಕಟ್ಟಿನಲ್ಲಿ ಕೈ ಮುಗಿದು ನಿಂತ ನಾನು, ನಡುವೆ ಕೂದಲು ಹರಡಿಕೊಂಡು ನಿಂತ ಮಂಜುಳ. ನಮ್ಮ ವೃತ್ತಿಯಲ್ಲಿ ರಿಟೈರ್‌ಮೆಂಟ್ ಆರ್ಡರ್ ಕೊಡುವುದಿಲ್ಲ, ಶಾಲು ಹೊದಿಸುತ್ತಾರೆ. ಹೊಸದಾಗಿ ಬರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಯಾವುದಾದರೂ ಊರಿನವರು ಸನ್ಮಾನ ಅಂದರೆ ಅಂದಿನಿಂದ ನಿಮ್ಮ ಪಾತ್ರ ಇನ್ನೊಬ್ಬಳದು.

ಹೋಗಬಾರದು ಅಂದುಕೊಂಡೆ, ಹೋದೆ. ಬೆಳಗ್ಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ಮುಂದಿನ ಕುರ್ಚಿಗಳು ಮುಖಂಡರಿಗೆ ಬೇಕಾದವು. ನಾನು ಶಾಲು ಮಡಿಸಿ ಬ್ಯಾಗಿಗೆ ಹಾಕಿ ಹಿಂದೆ ಹೆಂಗಸರ ನಡುವೆ ಹೋಗಿ ಕೂತೆ. ಪಕ್ಕದಲ್ಲಿ ಒಬ್ಬ ಮುದುಕಿ. ಮಗಳನ್ನು ಈ ಊರಿಗೆ ಕೊಟ್ಟಿದ್ದಳಂತೆ, ಮಧ್ಯಾಹ್ನದ ಬಸ್ಸಿಗೆ ಬಂದವಳು. ನಾನು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ.

ಸಭೆಯ ದೃಶ್ಯದಲ್ಲಿ ಮಂಜುಳ ಭೀಷ್ಮ, ದ್ರೋಣರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದಳು. ಎಡಗಡೆ ನೋಡಿ ಕೇಳಿದಳು, ಬಲಗಡೆ ನಡೆದುಹೋಗಿ ಕೇಳಿದಳು. ಅದು ನನ್ನದು, ಕಳ್ಳಿ! ಅಂತ ಕೂಗಬೇಕೆನಿಸಿತು. ಸುತ್ತ ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು.

ಸಂಜೆ ಕೊನೆಯ ದೃಶ್ಯ ಬಂತು. ಇಷ್ಟು ವರ್ಷ ನಾನು ಅದರೊಳಗೇ ಇದ್ದವಳು, ಎದುರು ಕೂತು ಒಮ್ಮೆಯೂ ನೋಡಿರಲಿಲ್ಲ. ರಾಜಣ್ಣ ಕೆಂಪು ಕೈ ಚಾಚಿ ಕರೆದ. ನಾನಾಗಿದ್ದರೆ ಓಡಿಹೋಗಿ ತಲೆ ಒಡ್ಡುತ್ತಿದ್ದೆ. ಅವಳು ಹೋಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದಳು. ಆ ಬಿಚ್ಚಿದ ಕೂದಲನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಇಷ್ಟು ವರ್ಷ ತನ್ನ ಸಿಟ್ಟನ್ನು ಕಾಪಾಡಿದ ಕೂದಲು ಅದು, ಕಟ್ಟಿಬಿಟ್ಟರೆ ಇನ್ನು ತನಗೆ ಏನುಳಿಯುತ್ತದೆ ಅನ್ನುವ ಹಾಗೆ. ಆಮೇಲೆ ನಿಧಾನವಾಗಿ ಹೋಗಿ ಅವನಿಗೆ ಬೆನ್ನು ಕೊಟ್ಟು ಕೂತಳು. ಒಂದು ಮಾತಿಲ್ಲ, ಒಂದು ಪದ್ಯವಿಲ್ಲ. ಮೇಷ್ಟ್ರ ಹಾರ್ಮೋನಿಯಂ ಕೂಡ ಸುಮ್ಮನಿತ್ತು. ಅಷ್ಟು ದ್ರೌಪದಿ ಮಾಡಿದ ನನಗೆ ಇದು ಒಂದು ದಿನವೂ ಯಾಕೆ ಹೊಳೆಯಲಿಲ್ಲ?

ಗಂಟು ಬಿತ್ತು. ಯಾರೋ ಮುಂದಿನಿಂದ ಕೂಗಿದರು, "ಒನ್ಸ್ ಮೋರ್!" ಆಮೇಲೆ ಇಡೀ ಊರು ಕೂಗಿತು. ಪದ್ಯಕ್ಕೆ ಒನ್ಸ್ ಮೋರ್ ಬೀಳುವುದನ್ನು ಬೇಕಾದಷ್ಟು ಕೇಳಿದ್ದೇನೆ, ನನಗೂ ಬಿದ್ದಿದೆ. ಮುಡಿಗೆ ಒನ್ಸ್ ಮೋರ್ ಬಿದ್ದದ್ದನ್ನು ಕೇಳಿದ್ದು ಅದೇ ಮೊದಲು. ರಾಜಣ್ಣ ನಗುತ್ತಾ ಗಂಟು ಬಿಚ್ಚಿದ. ಅವಳು ಎದ್ದು ಮತ್ತೆ ಆ ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲರೂ ಮತ್ತೆ ಉಸಿರು ಹಿಡಿದು ಕೂತರು.

ಪಕ್ಕದ ಮುದುಕಿ ನನ್ನ ತೋಳು ಹಿಡಿದು ಅಲುಗಿಸಿದಳು. "ಯಾಕವ್ವಾ ಇಂಗ್ ಅಳ್ತೀಯ? ಕಟ್ಟುದ್ನಲ್ಲ ಮುಡಿಯ, ಇನ್ನೂ ಯಾಕೆ?"

"ಹೊಟ್ಟೆ ಉರೀತೈತೆ ಕಣವ್ವಾ" ಅಂದೆ.

"ಬೆಳಗ್ಗಿಂದ ಏನೂ ತಿಂದಿಲ್ವೇನೋ, ಗ್ಯಾಸ್ ಆಗಿರ್ತದೆ" ಅಂತ ಅವಳು ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ಒಂದು ಚಿಟಿಕೆ ಓಂಕಾಳು ತೆಗೆದು ನನ್ನ ಅಂಗೈಗೆ ಹಾಕಿದಳು. "ಚೆನ್ನಾಗಿ ಅಗುದ್ ನುಂಗು. ಒಸಿ ಹೊತ್ತು ತಡ್ಕೊ, ಹೊಂಟೋಯ್ತದೆ."

ನಾನು ಓಂಕಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಸ್ಟೇಜಿನ ಕಡೆ ನೋಡಿದೆ. ಎರಡನೇ ಸಲ ಅವಳು ಮೊದಲಿಗಿಂತ ಚೆನ್ನಾಗಿ ಮಾಡುತ್ತಿದ್ದಳು.